ತೇರು ಜಗ್ಗಿದಂಗ ಹೋಗಬೇಕು

ಮನೆಯ ಪಿಕ್ಚರ್ ಟ್ಯೂಬ್ ಟಿವಿ ಗುಜರಿಗೆ ಹೋದ ಮೇಲೆ ನಮ್ಮ ಬಾತುಕೋಳಿ ಬಂದೂಕು ನಿಂತುಹೋಯಿತು. ಬಂದೂಕಿಗೆ ಏನೂ ಆಗಿರಲಿಲ್ಲ. ವೈರು, ಕುದುರೆ, ನಳಿಗೆಯೊಳಗಿನ ಬೆಳಕಿನ ಸೆನ್ಸರ್ ಎಲ್ಲ ನೆಟ್ಟಗಿದ್ದವು. ಹೊಸ ಎಲ್‌ಸಿಡಿ ಟಿವಿಯ ಮೇಲೆ ಬಾತುಕೋಳಿಗಳು ಮೊದಲಿಗಿಂತ ಚೆಂದವಾಗಿ ಹಾರುತ್ತಿದ್ದವು, ಆದರೆ ಎಷ್ಟು ಗುರಿಯಿಟ್ಟು ಹೊಡೆದರೂ ಒಂದೂ ಬೀಳುತ್ತಿರಲಿಲ್ಲ.

ಕಾರಣ ತಿಳಿದದ್ದು ಎಷ್ಟೋ ವರ್ಷಗಳ ನಂತರ. 1984ರಲ್ಲಿ ನಿಂಟೆಂಡೊ ಹೊರತಂದ ‘ಡಕ್ ಹಂಟ್’ ಆಟದ ಬಂದೂಕಿನಿಂದ ಯಾವ ಕಿರಣವೂ ಹೊರಡುವುದಿಲ್ಲ. ಅದು ಹೊಡೆಯುವ ಬಂದೂಕಲ್ಲ, ನೋಡುವ ಬಂದೂಕು. ಕುದುರೆ ಒತ್ತಿದ ಕ್ಷಣ ಇಡೀ ಪರದೆ ಒಮ್ಮೆ ಕಪ್ಪಾಗುತ್ತದೆ, ಮರುಗಳಿಗೆಗೆ ಬಾತುಕೋಳಿ ಇದ್ದ ಜಾಗದಲ್ಲಿ ಒಂದು ಬಿಳಿ ಚೌಕ ಮೂಡುತ್ತದೆ. ನಳಿಗೆ ಆ ಚೌಕದ ಕಡೆಗಿದ್ದರೆ ಸೆನ್ಸರಿಗೆ ಬೆಳಕು ಕಾಣುತ್ತದೆ, ಕೋಳಿ ಬೀಳುತ್ತದೆ. ಎರಡು ಕೋಳಿಗಳಿದ್ದರೆ ಒಂದಾದ ಮೇಲೊಂದು ಚೌಕ. ಇದೆಲ್ಲ ನಡೆಯುವುದು ಕಣ್ಣು ಮಿಟುಕಿಸುವುದರೊಳಗೆ. ಪಿಕ್ಚರ್ ಟ್ಯೂಬು ಸೆಕೆಂಡಿಗೆ ಹದಿನೈದು ಸಾವಿರಕ್ಕೂ ಹೆಚ್ಚು ಗೆರೆಗಳನ್ನು ಒಂದರ ಕೆಳಗೊಂದು ಎಳೆದು ಚಿತ್ರ ಕಟ್ಟುತ್ತದೆ. ಆ ಮಿಡಿತ ಕಂಡರೆ ಮಾತ್ರ ಬಂದೂಕು ಅದನ್ನು ಬೆಳಕೆಂದು ಒಪ್ಪುತ್ತದೆ. ಎಲ್‌ಸಿಡಿಯಲ್ಲಿ ಆ ಮಿಡಿತವಿಲ್ಲ, ಚಿತ್ರವೂ ಅರೆಗಳಿಗೆ ತಡವಾಗಿ ಬರುತ್ತದೆ. ಆಟ ಇದೆ, ಬಂದೂಕು ಇದೆ, ಆಡುವವನೂ ಇದ್ದಾನೆ. ನಡುವಿನದೊಂದು ಹೋಯಿತು, ಅದರೊಂದಿಗೆ ಎಲ್ಲವೂ ಹೋಯಿತು.

ಗೇಮ್ ಬರೆಯುವುದು ನನಗೆ ಹೊಟ್ಟೆಪಾಡಲ್ಲ. ಅದಕ್ಕೆ ಬೇರೆ ನೌಕರಿಯಿದೆ. ರಾತ್ರಿ ಊಟವಾದ ಮೇಲೆ, ರವಿವಾರದ ಮಧ್ಯಾಹ್ನ, ದೀಪಾವಳಿ ರಜೆಯಲ್ಲಿ ಬರೆಯುತ್ತೇನೆ. ಹೊಸ ಯಂತ್ರ ಯಾವುದೇ ಬರಲಿ, ಅದನ್ನು ಕೈಯಲ್ಲಿ ಹಿಡಿದು ನೋಡುವ ತನಕ ನನಗೆ ಸಮಾಧಾನವಿಲ್ಲ. ಈ ಹುಚ್ಚು ಹತ್ತಿದ್ದು ಹಳೇ ಹುಬ್ಬಳ್ಳಿಯ ನಮ್ಮ ಮನೆಯ ಪಡಸಾಲೆಯಲ್ಲಿ. ಹತ್ತಿಸಿದ್ದು ಟಿವಿ ಗೇಮು, ಬೆಳೆಸಿದ್ದು ಅಕ್ಕ.

ಆಗ ಅದನ್ನು ಯಾರೂ ಕನ್ಸೋಲ್ ಅನ್ನುತ್ತಿರಲಿಲ್ಲ. ಟಿವಿ ಗೇಮ್ ಎಂದರೆ ಸಾಕು. ಒಳಗೆ ತುರುಕುವುದು ಕ್ಯಾಸೆಟ್ಟು. ದುರ್ಗದ ಬೈಲಿನ ಕಡೆಯ ಅಂಗಡಿಯೊಂದರಲ್ಲಿ ದಿನದ ಬಾಡಿಗೆಗೆ ಕೊಡುತ್ತಿದ್ದರು. ಮಷೀನಿನ ಮೇಲೆ ಏನೇ ಹೆಸರಿರಲಿ, ಒಳಗಿದ್ದದ್ದು ನಿಂಟೆಂಡೊ 1983ರಲ್ಲಿ ಜಪಾನಿನಲ್ಲಿ ಬಿಟ್ಟ ಫ್ಯಾಮಿಲಿ ಕಂಪ್ಯೂಟರಿನ ನಕಲು. ಕ್ಯಾಸೆಟ್ಟಿನ ಮೇಲೆ ಲಕ್ಷಾಂತರ ಆಟಗಳಿವೆ ಎಂದು ಬರೆದಿರುತ್ತಿತ್ತು. ಆಡುತ್ತ ಹೋದರೆ ಅವೇ ನಾಲ್ಕಾರು ಆಟಗಳು ಹೆಸರು ಬದಲಿಸಿಕೊಂಡು ಮತ್ತೆ ಮತ್ತೆ ಎದುರಾಗುತ್ತಿದ್ದವು. ಕಾಂಟ್ರಾ ಆಡುತ್ತ ಜಲಪಾತ ಹತ್ತಿ, ಹಿಮದ ಬಯಲು ದಾಟಿ, ಇನ್ನೇನು ಕಡೆಯ ಹಂತ ಎನ್ನುವಾಗ ಕರೆಂಟು ಹೋಗುತ್ತಿತ್ತು. ಆಟವನ್ನು ಉಳಿಸಿಡುವ ಏರ್ಪಾಡು ಅದರಲ್ಲಿರಲಿಲ್ಲ. ಕರೆಂಟು ಬಂದ ಮೇಲೆ ಮತ್ತೆ ಕಾಡಿನಿಂದಲೇ ಶುರು.

ಅಕ್ಕ ಆಡುತ್ತಿರಲಿಲ್ಲ, ನೋಡುತ್ತಿದ್ದಳು. ನಮ್ಮ ಹಿಂದೆ ಗೋಡೆಗೊರಗಿ ಕೂತು, ತೊಡೆಯ ಮೇಲೆ ಬಟ್ಟೆ ಹರವಿಕೊಂಡು ಕಸೂತಿ ಹಾಕುತ್ತ ನೋಡುತ್ತಿದ್ದಳು. ಮದುವೆ ಮನೆಗಳಿಗೆ ಇಳಕಲ್ ಸೀರೆ, ಕುಪ್ಪಸದ ಖಣ, ಸಂಕ್ರಾಂತಿಗೆ ಕಪ್ಪು ಚಂದ್ರಕಾಳಿ ಸೀರೆ, ಹೀಗೆ ಒಂದಿಲ್ಲೊಂದು ಕೆಲಸ ಅವಳ ಕೈಯಲ್ಲಿ ಇದ್ದೇ ಇರುತ್ತಿತ್ತು. ನಮ್ಮ ಕಡೆಯ ಕಸೂತಿಗೆ ಬಟ್ಟೆಯ ಮೇಲೆ ಪೆನ್ಸಿಲ್ ಗೀಟು ಹಾಕಿಕೊಳ್ಳುವುದಿಲ್ಲ. ನೇಯ್ಗೆಯ ಎಳೆಗಳನ್ನು ಎಣಿಸಿಯೇ ಸೂಜಿ ಚುಚ್ಚಬೇಕು. ಒಂದು ಎಳೆ ತಪ್ಪಿದರೆ ಗೋಪುರ ವಾಲುತ್ತದೆ, ಆನೆಯ ಸೊಂಡಿಲು ಕಾಲಿಗೆ ಬಡಿಯುತ್ತದೆ. ಗವಂತಿ ಎಂಬ ಬಗೆಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ, ಬರುವಾಗ ಬಿಟ್ಟ ಜಾಗ ತುಂಬುವುದು. ಹಾಗಾಗಿ ಬಟ್ಟೆಯ ಎರಡೂ ಮಗ್ಗುಲು ಒಂದೇ ರೀತಿ ಕಾಣುತ್ತವೆ, ಗಂಟು ಎಲ್ಲಿಯೂ ಕಾಣಬಾರದು. ಮುರ್ಗಿಯಲ್ಲಿ ಗೆರೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ನೇಗಿ ನೇಯ್ದ ಹಾಗೆ ಕಾಣುತ್ತದೆ, ಮೆಂತೆ ಒಂದರ ಮೇಲೊಂದು ಅಡ್ಡ ಹಾಯುವ ಹೊಲಿಗೆ ಹಾಕಿ ಜಾಗವನ್ನು ಗಟ್ಟಿಯಾಗಿ ತುಂಬುತ್ತದೆ.

ಒಂದು ದಿನ ಮಾರಿಯೋ ಆಡುತ್ತಿದ್ದೆವು. ಅಕ್ಕ ಸೂಜಿ ನಿಲ್ಲಿಸಿ, “ತಮ್ಮಾ, ಸ್ವಲ್ಪ ನಿಂದ್ರಸು,” ಅಂದಳು. ಎದ್ದು ಬಂದು ಟಿವಿಯ ಗಾಜಿಗೆ ಮೂಗು ತಾಗುವಷ್ಟು ಹತ್ತಿರ ನಿಂತಳು. “ಇದೂ ಎಳೀ ಎಣಿಸೇ ಮಾಡ್ಯಾರ ನೋಡು. ಆ ಮೋಡ ಐತಲ್ಲ, ಕೆಳಗಿನ ಕಂಟಿ ಐತಲ್ಲ, ಎರಡೂ ಒಂದ. ಬಣ್ಣ ಅಷ್ಟ ಬ್ಯಾರೆ.”

ಅವಳು ಹೇಳಿದ್ದು ನಿಜ. 1985ರ ‘ಸೂಪರ್ ಮಾರಿಯೋ ಬ್ರದರ್ಸ್’ನಲ್ಲಿ ಮೋಡಕ್ಕೂ ಪೊದೆಗೂ ಒಂದೇ ಆಕಾರ. ಒಂದಕ್ಕೆ ಬಿಳಿ, ಇನ್ನೊಂದಕ್ಕೆ ಹಸಿರು. ಇಡೀ ಆಟ ಕೂತಿರುವುದು 40 ಕಿಲೋಬೈಟಿನಲ್ಲಿ. ಯಂತ್ರದ ಕೆಲಸದ ಮೆಮೊರಿ ಬರೀ 2 ಕಿಲೋಬೈಟ್. ಅಷ್ಟರಲ್ಲಿ ಮೋಡಕ್ಕೊಂದು ಚಿತ್ರ, ಪೊದೆಗೊಂದು ಚಿತ್ರ ಇಡುವ ಅನುಕೂಲ ಅವರಿಗಿರಲಿಲ್ಲ. ಮಾರಿಯೋನ ಮೀಸೆ ಹುಟ್ಟಿದ್ದೂ ಹೀಗೆಯೇ. ಶಿಗೆರು ಮಿಯಾಮೊಟೊ 1981ರ ‘ಡಾಂಕಿ ಕಾಂಗ್’ಗೆ ಆ ಪಾತ್ರ ಬರೆದಾಗ ಸಿಕ್ಕ ಚೌಕಗಳು ತೀರಾ ಕಡಿಮೆ. ಬಾಯಿ ಬರೆಯಲು ಜಾಗವಿಲ್ಲದೆ ದಪ್ಪ ಮೂಗಿನ ಕೆಳಗೆ ಮೀಸೆ ಇಟ್ಟರು, ಹಾರುವ ಕೂದಲು ತೋರಿಸುವ ತೊಂದರೆ ಬೇಡವೆಂದು ಟೋಪಿ ತೊಡಿಸಿದರು. ಇದೆಲ್ಲ ನಾನು ಓದಿ ತಿಳಿದುಕೊಂಡದ್ದು. ಅಕ್ಕ ಹುಬ್ಬಳ್ಳಿಯ ಪಡಸಾಲೆಯಲ್ಲಿ ನಿಂತು ಕಣ್ಣಿನಿಂದಲೇ ಓದಿಬಿಟ್ಟಿದ್ದಳು. ಟಿವಿಯೊಳಗಿನ ಆ ಲೋಕವನ್ನು ಯಾರೋ ಕೂತು, ಚೌಕ ಎಣಿಸಿ, ಕೈಯಿಂದ ಮಾಡಿದ್ದಾರೆ ಎಂಬ ಸಂಗತಿ ನನ್ನ ತಲೆಗೆ ಮೊದಲ ಸಲ ಹೊಕ್ಕದ್ದು ಆ ದಿನ. ಮಾಡಿದ್ದಾರೆ ಅಂದಮೇಲೆ ಮಾಡಬಹುದು.

ಕೆಲಸ ಹಿಡಿದು ಬೆಂಗಳೂರಿಗೆ ಬಂದ ಮೇಲೆ ಯಂತ್ರಗಳ ಹಸಿವಿಗೆ ಮಿತಿಯೇ ಉಳಿಯಲಿಲ್ಲ. ಶನಿವಾರ ಬಂತೆಂದರೆ ಎಸ್.ಪಿ. ರೋಡು. ಸಾದರ ಪತ್ರಪ್ಪನವರ ಹೆಸರಿನ ಆ ರಸ್ತೆಯಲ್ಲಿ ಮದರ್‌ಬೋರ್ಡಿನಿಂದ ಹಿಡಿದು ಸ್ಕ್ರೂವಿನವರೆಗೆ ಎಲ್ಲವೂ ಸಿಗುತ್ತಿತ್ತು. ಅಲ್ಲಿಂದ ಗಾಂಧಿನಗರದ ನ್ಯಾಷನಲ್ ಮಾರ್ಕೆಟ್ಟು. ಸೆಕೆಂಡ್ ಹ್ಯಾಂಡ್ ಗೇಮ್ ಬಾಯ್ ಕೈಗೆ ಬಂದ ದಿನ ಅದನ್ನು ಆಡುವುದಕ್ಕಿಂತ ಹೆಚ್ಚಾಗಿ ತಿರುಗಿಸಿ ತಿರುಗಿಸಿ ನೋಡಿದೆ. 1989ರಲ್ಲಿ ಗುನ್‌ಪೆ ಯೊಕೊಯ್ ಅವರ ತಂಡ ಅದನ್ನು ಮಾಡುವಾಗ ಬಣ್ಣದ ಪರದೆ ಆಗಲೇ ಸಾಧ್ಯವಿತ್ತು. ಅವರು ಬೇಡವೆಂದರು. ಹಳೆಯದಾಗಿ, ಪಳಗಿ, ಅಗ್ಗವಾದ ತಂತ್ರವನ್ನೇ ಹೊಸ ದಾರಿಯಲ್ಲಿ ಬಳಸುವುದು ಅವರ ನಂಬಿಕೆ. ಒಂದೇ ಬಣ್ಣದ ನಾಲ್ಕೇ ಛಾಯೆ, ನಾಲ್ಕು ಪೆನ್‌ಟಾರ್ಚ್ ಸೆಲ್ಲು, ಒಮ್ಮೆ ಹಾಕಿದರೆ ಗಂಟೆಗಟ್ಟಲೆ ಆಟ. ಬಣ್ಣದ ಪರದೆಯೊಂದಿಗೆ ಬಂದ ಎದುರಾಳಿಗಳು ಸೆಲ್ಲು ನುಂಗಿ ನುಂಗಿ ಸೋತವು. ಯೊಕೊಯ್ 1997ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಯಂತ್ರ ಮಾಡುವವರಲ್ಲಿ ನಾನು ಮನಸಾರೆ ಗೌರವಿಸುವವರ ಸಾಲಿನಲ್ಲಿ ಅವರು ಮೊದಲಿಗರು.

ನೋಕಿಯಾದ ಎನ್‌ಗೇಜ್ 2003ರಲ್ಲಿ ಬಂತು. ಆಟ ಬದಲಿಸಬೇಕಾದರೆ ಹಿಂದಿನ ಮುಚ್ಚಳ ತೆಗೆದು ಬ್ಯಾಟರಿ ಬಿಚ್ಚಬೇಕು. ಮಾತಾಡಬೇಕಾದರೆ ಫೋನಿನ ಅಂಚನ್ನು ಕಿವಿಗೆ ಆನಿಸಬೇಕು. ಮಾರುಕಟ್ಟೆಯಲ್ಲಿ ಅದು ನಿಲ್ಲಲಿಲ್ಲ. ನನಗೆ ಇಂದಿಗೂ ಪ್ರೀತಿ ಅದರ ಮೇಲೆ. ಆದರೆ ನನ್ನ ಬದುಕಿನಲ್ಲಿ ದೊಡ್ಡ ಯಂತ್ರ ಎಂದರೆ ಅದೇ ವರ್ಷ ಬಂದ ನೋಕಿಯಾ 6600. ಅಂಗೈಗೆ ಗುಂಡಗೆ ಕೂರುವ ಹೊಟ್ಟೆ, 176 ಅಡ್ಡ 208 ಚುಕ್ಕೆಗಳ ಪರದೆ, 104 ಮೆಗಾಹರ್ಟ್ಸಿನ ಪ್ರೊಸೆಸರ್, ಬ್ಲೂಟೂತು. ಎಲ್ಲಕ್ಕಿಂತ ಮುಖ್ಯವಾಗಿ, ಅದರಲ್ಲಿ ಜಾವಾ ಇತ್ತು. ಆಟ ಬರೆಯಲು ಬೇಕಾದ ಸಲಕರಣೆಗಳೆಲ್ಲ ಪುಕ್ಕಟೆ. ಯಾರ ಅಪ್ಪಣೆಯೂ ಬೇಡ, ಅಂಗಡಿಯೂ ಬೇಡ. ಕಂಪ್ಯೂಟರಿನಲ್ಲಿ ಬರೆದು, ಜಾರ್ ಫೈಲು ಕಟ್ಟಿ, ಬ್ಲೂಟೂತಿನಲ್ಲಿ ಕಳಿಸಿದರೆ ಫೋನಿನಲ್ಲಿ ನನ್ನ ಆಟ. ಕೈಯಲ್ಲಿ ಮಾಡಿದ್ದು ಕೈಯಲ್ಲೇ ಆಡುವ ಆ ಸಂತೋಷ ನನಗೆ ಅಷ್ಟು ಗಾಢವಾಗಿ ಮತ್ತೆ ಸಿಕ್ಕಿಲ್ಲ.

ಆ ವರ್ಷ ದೀಪಾವಳಿಗೆ ಊರಿಗೆ ಹೋದಾಗ ಅಕ್ಕನಿಗೆ ಕೇಳಿದೆ. ಚಿತ್ರ ನೀನು ಬರೆದುಕೊಡು, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ. ಏನು ಆಟ ಮಾಡುತ್ತೀ ಎಂದು ಅವಳು ಕೇಳಿದಳು. ನನ್ನ ಹತ್ತಿರ ಉತ್ತರವಿರಲಿಲ್ಲ, ಅವಳ ಹತ್ತಿರವಿತ್ತು. “ತೇರು ಮಾಡು,” ಅಂದಳು.

ಸಿದ್ಧಾರೂಢ ಮಠದ ಜಾತ್ರೆ ನಮಗೆ ಕೂಗಳತೆಯ ದೂರ. ಶಿವರಾತ್ರಿ ಹೊತ್ತಿಗೆ ತೇರು ಎಳೆಯುವಾಗ ಮಂದಿ ಉತ್ತತ್ತಿ, ಬಾಳೆಹಣ್ಣು ಎಸೆಯುತ್ತಾರೆ. ಆಟ ಅಷ್ಟೇ. ತೇರು ಪರದೆಯ ಈ ತುದಿಯಿಂದ ಆ ತುದಿಗೆ ಹೋಗುತ್ತದೆ, ಕೆಳಗೆ ಜನ, ಒತ್ತುವ ಬಟನ್ ಒಂದೇ. ಹೊತ್ತು ನೋಡಿ ಒತ್ತಿದರೆ ಉತ್ತತ್ತಿ ಹಾರಿ ಕಳಸಕ್ಕೆ ತಾಗುತ್ತದೆ. ತಪ್ಪಿದರೆ ಕೆಳಗಿನ ಪೋರರು ಆರಿಸಿಕೊಳ್ಳುತ್ತಾರೆ. ಆರಿಸಿಕೊಳ್ಳುವ ಪೋರರ ಕಲ್ಪನೆಯೂ ಅಕ್ಕನದೇ. ಗುರಿ ತಪ್ಪಿದವನಿಗೂ ಒಂದು ಸಂತೋಷ ಇರಲಿ ಅನ್ನುವುದು ಅವಳ ವಿಚಾರ.

ಗ್ರಾಫ್ ಹಾಳೆಗಳ ಕಟ್ಟು ತಂದೆವು. ಕಸೂತಿಯಲ್ಲಿ ತೇರು ಅವಳಿಗೆ ಕೈಬಂದ ನಮೂನೆ, ಹಾಗಾಗಿ ಅದು ಒಂದೇ ಕೂಟಕ್ಕೆ ಮುಗಿಯಿತು. ಮನುಷ್ಯರು ಕಾಡಿದರು. ಅಡ್ಡ ಹದಿನಾರು, ಉದ್ದ ಹದಿನಾರು, ಅಷ್ಟರಲ್ಲೇ ಒಬ್ಬ ಆಳು ನಿಲ್ಲಬೇಕು. ಅವಳು ತಲೆಗೆ ರುಮಾಲು ಸುತ್ತಿಸಿದಳು, ಕೈ ಎತ್ತಿಸಿದಳು, ಮೂಗಿನಲ್ಲಿ ಸಿಕ್ಕಿಕೊಂಡಳು. ರಬ್ಬರಿನಿಂದ ಉಜ್ಜಿ ಉಜ್ಜಿ ಹಾಳೆ ತೆಳ್ಳಗಾಯಿತು. ಕಡೆಗೆ ಹೇಳಿದಳು: “ಇಷ್ಟರಾಗ ಮೂಗು ಕೂಡಂಗಿಲ್ಲೋ. ನೆರಳು ಇಡೂಣು, ಮೂಗು ತಾನ ಕಾಣತೈತಿ.” ಗಲ್ಲದ ಮೇಲೆ ಒಂದೇ ಚೌಕ ಕಂದು ತುಂಬಿದಳು. ಮುಖ ಪಕ್ಕಕ್ಕೆ ತಿರುಗಿತು, ಮೂಗು ಬಂತು. ಓರೆ ಗೆರೆಗಳಿಗಂತೂ ನಾನು ಬಾಯಿ ತೆರೆಯುವ ಪ್ರಸಂಗವೇ ಬರಲಿಲ್ಲ. ಪರದೆಯ ಮೇಲೆ ಓರೆ ಗೆರೆ ಮೆಟ್ಟಿಲಾಗುತ್ತದೆ ಎಂಬುದು ಕಂಪ್ಯೂಟರ್ ಕಲಿಯುವವರಿಗೆ ಒಂದು ಪಾಠ. ಮುರ್ಗಿ ಹಾಕಿದವರಿಗೆ ಅದು ಬಾಲ್ಯದಿಂದ ಗೊತ್ತು. ಎಷ್ಟು ಅಡ್ಡಕ್ಕೆ ಎಷ್ಟು ಮೇಲೆ ಎಂಬ ಲೆಕ್ಕ ಅವಳ ಬೆರಳಿನಲ್ಲೇ ಇತ್ತು.

ಆಗಿನ ಎಷ್ಟೋ ಅಗ್ಗದ ನೋಕಿಯಾ ಫೋನುಗಳು 64 ಕಿಲೋಬೈಟಿಗಿಂತ ದೊಡ್ಡ ಆಟವನ್ನು ಒಳಗೇ ಬಿಟ್ಟುಕೊಳ್ಳುತ್ತಿರಲಿಲ್ಲ. ಗೆಳೆಯರ ಫೋನುಗಳಲ್ಲೂ ನಮ್ಮ ಆಟ ಓಡಬೇಕೆಂದು ಬಣ್ಣ ಕಡಿಮೆ ಮಾಡಿದೆವು, ಒಂದೇ ಆಳಿಗೆ ಬೇರೆ ಬೇರೆ ಬಣ್ಣದ ರುಮಾಲು ಹಾಕಿ ಜಾತ್ರೆ ತುಂಬಿಸಿದೆವು. ಮಾರಿಯೋದ ಮೋಡ ನಮಗೆ ಆಗ ಕೆಲಸಕ್ಕೆ ಬಂತು.

ಮೊದಲ ಸಲ ತೇರು ಪರದೆಯ ಮೇಲೆ ಹೊರಟಾಗ ಅಕ್ಕ ತಲೆಯಲ್ಲಾಡಿಸಿದಳು. “ಇದು ಬಸ್ಸಿನಂಗ ಹೊಂಟೈತಿ. ತೇರು ಜಗ್ಗಿದಂಗ ಹೋಗಬೇಕು.”

ಇಲ್ಲಿಂದ ಮುಂದಿನದೇ ನನಗೆ ಮುಖ್ಯ. ತೇರಿಗೆ ಇಂಜಿನ್ ಇಲ್ಲ. ಹಗ್ಗ ಬಿಗಿಯುತ್ತದೆ, ಕೂಗು ಏಳುತ್ತದೆ, ಅರೆಗಳಿಗೆ ಏನೂ ಆಗುವುದಿಲ್ಲ. ಆಮೇಲೆ ಚಕ್ರ ಒಮ್ಮೆಲೇ ಉರುಳುತ್ತದೆ. ಗಾಲಿ ಮುಂದೆ ಹೋಗಿ, ಮೇಲಿನ ಗೋಪುರ ಸ್ವಲ್ಪ ಹಿಂದೆ ಉಳಿದು, ಬಳಿಕ ತೂಗಿ ಬಂದು ಸೇರುತ್ತದೆ. ಅಡ್ಡ ಮರ ಕೊಟ್ಟಲ್ಲಿ ಗಕ್ಕನೆ ನಿಲ್ಲುತ್ತದೆ. ನಾನು ಇದನ್ನು ಅಂಕಿಗಳಲ್ಲಿ ಬರೆಯುತ್ತಿದ್ದೆ, ಅವಳು ನೋಡುತ್ತಿದ್ದಳು. ಇನ್ನ ಸ್ವಲ್ಪ ತಡಿ. ಈಗ ಬಿಡು. ಗೋಪುರ ಭಾಳ ಬಾಗಿತು, ಒಂದ ಮನಿ ಸಾಕು. ಹೀಗೇ ರಾತ್ರಿಗಳು ಕಳೆದವು. ಒಂದು ಮನೆ ಎಂದರೆ ಒಂದು ಪಿಕ್ಸೆಲ್. ಅವಳಿಗೆ ಆ ಒಂದು ಪಿಕ್ಸೆಲ್ಲಿನ ಹೆಚ್ಚುಕಡಿಮೆ ಕಾಣುತ್ತಿತ್ತು.

ಇನ್ನೊಂದು ಕೈ ನಮ್ಮ ಫೋನಿನದು. ಜಾವಾದಲ್ಲಿ ಬಳಸಿ ಬಿಟ್ಟ ಮೆಮೊರಿಯನ್ನು ಯಂತ್ರವೇ ಆಗಾಗ ಗುಡಿಸಿ ಚೊಕ್ಕ ಮಾಡುತ್ತದೆ. ಚಿಕ್ಕ ಫೋನುಗಳಲ್ಲಿ ಆ ಹೊತ್ತು ಆಟ ಅರೆಗಳಿಗೆ ನಿಲ್ಲುತ್ತದೆ. ಎಸೆದ ಪ್ರತಿ ಉತ್ತತ್ತಿಗೂ ನನ್ನ ಪ್ರೋಗ್ರಾಮು ಹೊಸ ಜಾಗ ಹಿಡಿಯುತ್ತಿತ್ತು. ಹಾಗಾಗಿ ಉತ್ತತ್ತಿ ಹೆಚ್ಚು ಎಸೆದಷ್ಟೂ ಬೇಗ ಮೆಮೊರಿ ತುಂಬಿ, ಬೇಗ ಗುಡಿಸುವ ಸರದಿ ಬಂದು, ತೇರು ತಡೆಯುತ್ತಿತ್ತು. ಸರಿಪಡಿಸುವ ದಾರಿ ಎಲ್ಲರಿಗೂ ಗೊತ್ತಿರುವಂಥದು: ಮೊದಲೇ ಹತ್ತಿಪ್ಪತ್ತು ಉತ್ತತ್ತಿ ಮಾಡಿಟ್ಟುಕೊಂಡು ಅವನ್ನೇ ತಿರುಗಿ ತಿರುಗಿ ಬಳಸುವುದು. ಕೂತು ಅದನ್ನೇ ಬರೆಯಹೊರಟೆ. ಅಕ್ಕ ಕೈ ಹಿಡಿದಳು. “ಬ್ಯಾಡ ಬಿಡು. ಮಂದಿ ಹೆಚ್ಚಾದಾಗ ತೇರು ತಡೀತೈತಿ. ಖರೇನೂ ಹಂಗ ಅಲ್ಲೇನು?” ಹಾಗೆಯೇ ಬಿಟ್ಟೆವು. ಜನ ಹುರುಪಿನಲ್ಲಿ ಎಸೆಯುತ್ತ ಹೋದಂತೆ ತೇರು ತಡೆತಡೆದು ಸಾಗುತ್ತಿತ್ತು. ಆ ಫೋನಿಗೆ ಜಾತ್ರೆ ಗೊತ್ತಿತ್ತು ಎಂದೇ ನನಗೆ ಅನ್ನಿಸುತ್ತಿತ್ತು.

‘ತೇರು’ ಬ್ಲೂಟೂತಿನಲ್ಲಿ ಹುಬ್ಬಳ್ಳಿ, ಧಾರವಾಡದ ಗೆಳೆಯರಿಗೆ, ಅವರ ಗೆಳೆಯರಿಗೆ ಹೋಯಿತು. ಬಸ್ಸಿನಲ್ಲಿ ಗುರುತಿಲ್ಲದ ಹುಡುಗನೊಬ್ಬ ಅದನ್ನು ಆಡುತ್ತಿದ್ದನೆಂದು ಅಕ್ಕ ಒಮ್ಮೆ ಫೋನ್ ಮಾಡಿ ಹೇಳಿದಳು. ಅಂಥ ಹಿಗ್ಗು ಅವಳ ದನಿಯಲ್ಲಿ ನಾನು ಅದಕ್ಕೂ ಮೊದಲು ಕೇಳಿರಲಿಲ್ಲ.

ಆಮೇಲಿನದನ್ನು ಬೇಗ ಹೇಳಿಬಿಡುತ್ತೇನೆ. ಜಾವಾ ಮಾಡಿದ ಸನ್ ಕಂಪನಿಯನ್ನು 2010ರಲ್ಲಿ ಒರಾಕಲ್ ಕೊಂಡಿತು. ನೋಕಿಯಾ 2011ರಲ್ಲಿ ತನ್ನ ಫೋನುಗಳನ್ನು ಓಡಿಸುತ್ತಿದ್ದ ಸಿಂಬಿಯನ್ ಕೈಬಿಟ್ಟು ವಿಂಡೋಸ್ ಫೋನಿನ ಕಡೆ ಹೊರಳಿತು. ಎಲ್ಲರ ಕೈಗೂ ಟಚ್ ಫೋನ್ ಬಂತು. ನನ್ನ ಕಂಪ್ಯೂಟರಿನ ಹಾರ್ಡ್ ಡಿಸ್ಕು ಒಂದು ದಿನ ಟಕ್ ಟಕ್ ಎಂದು ಬಡಿದುಕೊಳ್ಳಲು ಶುರುಮಾಡಿತು. ರಿಪೇರಿಯವರು ಬಿಚ್ಚಿ ನೋಡಿ ಕೈಚೆಲ್ಲಿದರು. ಪ್ರತಿ ಇಟ್ಟಿದ್ದ ಸಿ.ಡಿ. ಓದಲಾಗದಷ್ಟು ಮಾಸಿತ್ತು. 6600ರ ಬ್ಯಾಟರಿ ಉಬ್ಬಿ ಮುಚ್ಚಳವನ್ನೇ ಎತ್ತಿತ್ತು. ಹೊಸ ಬ್ಯಾಟರಿ ಹಾಕಿದರೂ ಅದು ಏಳಲಿಲ್ಲ.

ಅಕ್ಕನೂ ಕಾಯಿಲೆ ಬಿದ್ದು ತೀರಿಕೊಂಡಳು. ಆಸ್ಪತ್ರೆಯಲ್ಲಿದ್ದಾಗಲೂ ಹೊಸ ಫೋನು ತಂದೆನೆಂದರೆ ಕೈಚಾಚುತ್ತಿದ್ದಳು. ಪರದೆಯನ್ನು ಕಣ್ಣಿನ ಹತ್ತಿರ ಹಿಡಿದು, “ಈಗ ಎಳೀನ ಕಾಣಂಗಿಲ್ಲೋ ತಮ್ಮಾ,” ಅನ್ನುತ್ತಿದ್ದಳು. ಚುಕ್ಕೆಗಳು ಅಷ್ಟು ಸಣ್ಣವಾಗಿಬಿಟ್ಟಿದ್ದವು.

ಅವಳ ಪೆಟ್ಟಿಗೆಯಲ್ಲಿ ದಾರದ ಲಡಿಗಳ ಅಡಿಯಲ್ಲಿ ಗ್ರಾಫ್ ಹಾಳೆಗಳು ಸಿಕ್ಕವು. ತೇರು ಇದೆ, ಆಳುಗಳಿದ್ದಾರೆ, ಉಜ್ಜಿ ತೆಳ್ಳಗಾದ ಮೂಗಿನ ಜಾಗವೂ ಹಾಗೇ ಇದೆ. ಚಿತ್ರ ಅಷ್ಟೂ ಉಳಿಯಿತು. ಹೋದದ್ದು ನಡಿಗೆ. ರಾತ್ರಿ ಕೂತು ‘ಈಗ ಬಿಡು’ ಎಂದು ಅವಳು ಹೇಳಿದ ಹೊತ್ತುಗಳೆಲ್ಲ ಅಂಕಿಗಳಾಗಿ ಆ ಪ್ರೋಗ್ರಾಮಿನಲ್ಲಿದ್ದವು. ಅವು ಯಾವ ಹಾಳೆಯಲ್ಲೂ ಇಲ್ಲ.

ಆಟಕ್ಕೂ ಪುಸ್ತಕಕ್ಕೂ ಇರುವ ಅಂತರ ಇದು ಎಂದು ನನಗೆ ಮನದಟ್ಟಾಗಿದೆ. ಪುಸ್ತಕವನ್ನು ಗೆದ್ದಲು ತಿನ್ನುವವರೆಗೆ ಓದಬಹುದು. ಆಟ ಇರುವುದು ಯಂತ್ರ, ಬೆರಳು, ಹೊತ್ತು ಈ ಮೂರೂ ಕೂಡಿದಾಗ ಮಾತ್ರ. ಒಂದು ಹೋದರೆ ಉಳಿಯುವುದು ಚಿತ್ರ, ಹೆಸರು, ನೆನಪು. ಆಪಲ್ 2017ರಲ್ಲಿ ಐಒಎಸ್ 11 ತಂದಾಗ 32 ಬಿಟ್ಟಿನ ಹಳೆಯ ಆಟಗಳೆಲ್ಲ ಒಂದೇ ಏಟಿಗೆ ತೆರೆಯದಾದವು. ಅಡೋಬಿ 2020ರ ಡಿಸೆಂಬರ್ 31ಕ್ಕೆ ಬ್ರೌಸರಿನಲ್ಲಿ ಆಟ ಓಡಿಸುತ್ತಿದ್ದ ಫ್ಲ್ಯಾಶ್ ನಿಲ್ಲಿಸಿತು. 2021ರ ಜನವರಿ 12ರಿಂದ ಅದು ಆಟಗಳನ್ನು ತೆರೆಯಲೂ ಬಿಡಲಿಲ್ಲ. ಬ್ರೌಸಿಂಗ್ ಸೆಂಟರುಗಳಲ್ಲಿ ಗಂಟೆಗಿಷ್ಟು ಕೊಟ್ಟು ಒಂದು ಪೀಳಿಗೆಯೇ ಆಡಿದ ಆಟಗಳವು. ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಅದರ ಪ್ರಕಾರ 2010ಕ್ಕಿಂತ ಮುಂಚೆ ಆ ದೇಶದಲ್ಲಿ ಬಂದ ಆಟಗಳಲ್ಲಿ ನೂರಕ್ಕೆ 87 ಇಂದು ಅಂಗಡಿಯಲ್ಲಿ ಕೊಳ್ಳಲು ಸಿಗುವುದಿಲ್ಲ. ಕಂಪನಿಗಳು ಮಾಡಿ ಮಾರಿದ ಆಟಗಳ ಗತಿಯೇ ಇದು. ಅಕ್ಕ, ತಮ್ಮ ಪಡಸಾಲೆಯಲ್ಲಿ ಕೂತು ಮಾಡಿದ್ದಕ್ಕೆ ಯಾವ ಪಟ್ಟಿಯಲ್ಲೂ ಜಾಗವಿಲ್ಲ.

ಉಳಿಸುವವರೂ ಇದ್ದಾರೆ, ಅವರಿಗೆ ನಾನು ಕೈಮುಗಿಯುತ್ತೇನೆ. ಫ್ಲ್ಯಾಶ್‌ಪಾಯಿಂಟ್ ಎಂಬ ಸಂಗ್ರಹದವರು ಸಂಬಳವಿಲ್ಲದೆ ದುಡಿದು ಲಕ್ಷಕ್ಕೂ ಮಿಕ್ಕಿ ಆಟಗಳನ್ನು ಕಾಪಾಡಿದ್ದಾರೆ. ರಫಲ್ ಎಂಬ ತಂತ್ರಾಂಶ ಫ್ಲ್ಯಾಶ್ ಇಲ್ಲದೆಯೇ ಹಳೆಯ ಫ್ಲ್ಯಾಶ್ ಆಟ ಓಡಿಸುತ್ತದೆ. ಇಂದಿನ ಆಂಡ್ರಾಯ್ಡ್ ಫೋನಿನಲ್ಲಿ ಹಳೆಯ ಜಾವಾ ಆಟಗಳನ್ನು ಆಡಲು ಜೆ2ಎಂಇ ಲೋಡರ್ ಇದೆ. ಆದರೆ ಫೈಲು ಕೈಯಲ್ಲಿದ್ದವರಿಗೆ ಮಾತ್ರ ಇವೆಲ್ಲ.

ಅಕ್ಕನ ಹಾಳೆಗಳಿಂದ ‘ತೇರು’ ಆಟವನ್ನು ಮತ್ತೆ ಬರೆದೆ. ಈಗಿನ ಫೋನು ಸೆಕೆಂಡಿಗೆ ಅರವತ್ತು ಸಲ ಪರದೆ ಬದಲಿಸುತ್ತದೆ. ತೇರು ಹೊರಟಿತು, ಹೆದ್ದಾರಿಯ ಮೇಲಿನ ವೋಲ್ವೊ ಹಾಗೆ ಜಾರಿಕೊಂಡು ಹೋಯಿತು. ವೇಗ ಇಳಿಸಿದೆ, ತಡೆಗಳನ್ನು ಹಾಕಿದೆ, ಉತ್ತತ್ತಿ ಹೆಚ್ಚಾದಾಗ ತಡೆಯುವ ಹಾಗೆ ಲೆಕ್ಕ ಕಟ್ಟಿದೆ. ಲೆಕ್ಕ ನನಗೆ ಗೊತ್ತು. ಅಳತೆ ಗೊತ್ತಿಲ್ಲ. ಎಷ್ಟು ತಡೆದರೆ ತೇರು, ಎಷ್ಟು ತಡೆದರೆ ಕೆಟ್ಟುನಿಂತ ಗಾಡಿ ಎಂದು ಹೇಳುವ ಕಣ್ಣು ನನ್ನದಲ್ಲ.

ಹಾಗೆಂದು ಹೊಸ ಯಂತ್ರಗಳ ಮೇಲಿನ ನನ್ನ ಪ್ರೀತಿ ಕಡಿಮೆಯಾಗಿಲ್ಲ. ಹಳೆಯದನ್ನು ಹೂಳುವುದು ಹೊಸ ಯಂತ್ರವೇ ಎಂದು ಗೊತ್ತಿದ್ದೂ ಪೆಟ್ಟಿಗೆ ಒಡೆಯುವಾಗ ಎದೆ ಹಾರುತ್ತದೆ. 2022ರಲ್ಲಿ ಪ್ಲೇಡೇಟ್ ಎಂಬ ಪುಟ್ಟ ಹಳದಿ ಯಂತ್ರ ಬಂತು. ಅಮೆರಿಕದಿಂದ ಬರುವ ಗೆಳೆಯನ ಕೈಯಲ್ಲಿ ತರಿಸಿಕೊಂಡೆ. 400 ಅಡ್ಡ 240ರ ಪರದೆ, ಬಣ್ಣ ಎರಡೇ, ಕಪ್ಪು ಇಲ್ಲವೇ ಬಿಳಿ. ಪಕ್ಕದಲ್ಲಿ ತಿರುಗಿಸಲು ಒಂದು ಹಿಡಿಕೆ. ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಚುಕ್ಕೆಗಳಲ್ಲಿ ಅಕ್ಕನ ತೇರನ್ನು ಇಟ್ಟಾಗ ಅದು ಚಂದ್ರಕಾಳಿ ಸೀರೆಯ ಸೆರಗಿನಿಂದ ಎದ್ದು ಬಂದಂತಿತ್ತು. ಹಿಡಿಕೆ ತಿರುಗಿಸಿದರೆ ಹಗ್ಗ ಬಿಗಿಯುತ್ತದೆ. ಇನ್ನೂ ತಿರುಗಿಸಿದರೆ ಗಾಲಿ ಉರುಳುತ್ತದೆ. ಜಗ್ಗುವುದು ಈಗ ಆಡುವವರ ಕೈಯಲ್ಲೇ ಇದೆ. ಅಕ್ಕನ ಮಗಳು ಹಿಡಿಕೆ ತಿರುಗಿಸುವಾಗ ಒಮ್ಮೆ ನಿಲ್ಲಿಸಿ, ಉಸಿರು ಬಿಗಿಹಿಡಿದು, ಆಮೇಲೆ ಬಿಡುತ್ತಾಳೆ. ನಾನು ತಿರುಗಿಸಿದಾಗ ಬಾರದ ತೂಗಾಟ ಅವಳ ಕೈಯಲ್ಲಿ ಬರುತ್ತದೆ. ಇದು ಬೇರೆ ಆಟ, ಒಳ್ಳೆಯ ಆಟ. ಆ ‘ತೇರು’ ಅಲ್ಲ.

ಅಕ್ಕ ಆಡಿದ, ನೋಡಿದ, ತಿದ್ದಿದ ಒಂದೂ ವಿಡಿಯೊ ನನ್ನ ಹತ್ತಿರ ಇಲ್ಲ. 6600ರಲ್ಲಿ ಕ್ಯಾಮೆರಾ ಇತ್ತು. ಆದರೆ ಆಟ ಓಡುತ್ತಿದ್ದದ್ದು ಅದೇ ಫೋನಿನಲ್ಲಿ, ಅದನ್ನು ಹಿಡಿಯಲು ಮನೆಯಲ್ಲಿ ಇನ್ನೊಂದು ಕ್ಯಾಮೆರಾ ಇರಲಿಲ್ಲ. ಇಂದು ಪ್ರತಿ ಮನೆಯಲ್ಲೂ ಒಂದಕ್ಕಿಂತ ಹೆಚ್ಚು ಇವೆ. ನಿಮ್ಮ ಮನೆಯಲ್ಲಿ ಯಾರಾದರೂ ಏನನ್ನಾದರೂ ಆಡುತ್ತಿದ್ದರೆ, ಮಾಡುತ್ತಿದ್ದರೆ, ಪರದೆಯೊಂದನ್ನೇ ಹಿಡಿಯಬೇಡಿ. ಅವರ ಕೈಯನ್ನೂ ಸೇರಿಸಿ ಹಿಡಿಯಿರಿ, ಅವರ ಮಾತೂ ಬರಲಿ. ಕಪಾಟಿನ ಮೂಲೆಯಲ್ಲಿ ಹಳೆಯ ಫೋನುಗಳಿದ್ದರೆ ಒಮ್ಮೆ ತೆಗೆದು ನೋಡಿ. ಬ್ಯಾಟರಿ ಉಬ್ಬಿದ್ದರೆ ಚಾರ್ಜಿಗೆ ಹಾಕಲೇಬೇಡಿ, ಬೇರೆ ಮಾಡಿ ಇಡಿ. ಮೆಮೊರಿ ಕಾರ್ಡಿದ್ದರೆ ಗುಜರಿಗೆ ಹಾಕುವ ಮುನ್ನ ಅದರಲ್ಲಿರುವುದನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಿ.

ಹುಬ್ಬಳ್ಳಿ, ಧಾರವಾಡದ ಕಡೆಯವರಿಗೆ ಇನ್ನೊಂದು ಮಾತು. ಆ ಕಾರ್ಡಿನಲ್ಲಿ ‘ತೇರು’ ಎಂಬ ಹೆಸರಿನ ಜಾರ್ ಫೈಲು ಕಂಡರೆ ದಯವಿಟ್ಟು ಅಳಿಸಬೇಡಿ. ತೆರೆದು ಆಡಿ ನೋಡಿ. ಉತ್ತತ್ತಿ ಹೆಚ್ಚು ಎಸೆದಾಗ ತೇರು ತಡೆದರೆ ಕೆಟ್ಟಿದೆ ಎಂದುಕೊಳ್ಳಬೇಡಿ, ಅದು ಇರಬೇಕಾದದ್ದೇ ಹಾಗೆ.